ದಸ್ತಗೀರರ ಎದೆಯಲ್ಲಿ ರಾಚಪ್ಪ

ದಸ್ತಗೀರ ಪೈಲ್ವಾನರ ಎದೆಯ ಮೇಲೆ ಸಂಗ್ರಾಣಿ ಕಲ್ಲು ಬಿದ್ದದ್ದು ಬೆಳಿಗ್ಗೆ ಒಂಬತ್ತೂ ಕಾಲಿಗೆ. ಅರವತ್ತೆರಡರ ವಯಸ್ಸಿನಲ್ಲಿ ತೊಂಬತ್ತು ಕಿಲೋ ಕಲ್ಲನ್ನು ಹೆಗಲಿಗೇರಿಸುವ ಉಸಾಬರಿ ಯಾಕೆ ಬೇಕಿತ್ತು ಎಂದು ಮಾತ್ರ ಕೇಳಬೇಡಿ. ಜಮಖಂಡಿಯ ತಾಲೀಮಿನಲ್ಲಿ ಅವರ ಹತ್ತಿರ ಕುಸ್ತಿ ಕಲಿಯುವ ಹೆಣ್ಣುಮಕ್ಕಳು, "ಕಾಕಾ, ನೀವು ಕಲ್ಲ ಎತ್ತಿದ್ದು ನಾವ್ಯಾರೂ ನೋಡೇ ಇಲ್ಲ ಬಿಡ್ರಿ" ಎಂದುಬಿಟ್ಟಿದ್ದರು. ಅಷ್ಟು ಸಾಕಾಯಿತು. ಕಲ್ಲು ಹೆಗಲವರೆಗೆ ಬಂತು, ಅಲ್ಲಿಂದ ಜಾರಿತು, ಎದೆಯ ನಡುಮೂಳೆಗೆ ಬಡಿದು ಕೆಂಪು ಮಣ್ಣಿಗೆ ಬಿತ್ತು. ಪೈಲ್ವಾನರು ಎದ್ದು ಕೂತು ಮೀಸೆ ಒರೆಸಿಕೊಂಡು, "ಏನೂ ಆಗಿಲ್ಲ, ಹೋಗ್ರಿ ಬೈಠಕ್ ಹೊಡೀರಿ" ಎಂದರು. ಅವರ ಮಗಳು ಶಮೀಮ್ ಈ ಶೂರತನವನ್ನೆಲ್ಲ ಚಿಕ್ಕಂದಿನಿಂದ ನೋಡಿದವಳು. ಅಪ್ಪನ ಮಾತಿಗೆ ಕಿವಿಗೊಡದೆ ಆಟೋ ಕರೆಸಿ ಓಣಿಯ ಸಣ್ಣ ದವಾಖಾನೆಗೆ ಎಳೆದೊಯ್ದಳು.

ಅಲ್ಲಿಯ ನರ್ಸಮ್ಮ ಅವರ ಎದೆಗೆ ಬಡಿತ ಹಿಡಿಯುವ ಪಟ್ಟಿ ಅಂಟಿಸಿದಳು. ಅದೇ ಕ್ಷಣಕ್ಕೆ ಹುಬ್ಬಳ್ಳಿಯ ಎದೆಗಾಯ ಕೇಂದ್ರದ ಆಲಿಕೆ ಕೋಣೆಯಲ್ಲಿ ನೀಲಗಂಗಾ ಗಾಣಿಗೇರಳ ಮುಂದಿನ ಪರದೆಯ ಮೇಲೆ ಒಂದು ಹೆಸರು ಮೂಡಿತು.

ಹೆಸರು ನೋಡಿ ಅವಳಿಗೆ ನಗು ಬಂತು, ಹೆದರಿಕೆಯೂ ಆಯಿತು. ದಸ್ತಗೀರ ಎಂದರೆ ತೀರಿಹೋದ ತನ್ನ ಗಂಡನ ಜೀವದ ಗೆಳೆಯ. ಒಂದೇ ತಾಲೀಮಿನ ಮಣ್ಣು ಮೈಗೆ ಮೆತ್ತಿಕೊಂಡು, ಒಂದೇ ಕೊಡದ ಹಾಲು ಕುಡಿದು ಬೆಳೆದವರು. ಅವಳ ಮದುವೆಯಲ್ಲಿ ತವರಿನ ಅಣ್ಣನ ಜಾಗದಲ್ಲಿ ನಿಂತು ಸೀರೆ ಉಡಿಸಿದವರು.

ಇದು 2071ರ ಮಾತು. ಅಷ್ಟು ಹೊತ್ತಿಗೆ 'ಸಾಕ್ಷಿ' ಯಂತ್ರ ಬಂದು ಬಹಳ ವರ್ಷಗಳಾಗಿದ್ದವು. ಎದೆಗೆ ಪೆಟ್ಟು ಬಿದ್ದವರ ವಿಷಯದಲ್ಲಿ ಹಿಂದಿನ ಕಾಲದ ಡಾಕ್ಟರರಿಗೆ ದೊಡ್ಡ ತಲೆನೋವಿತ್ತು. ಪಕ್ಕೆಲುಬು ಮುರಿದರೆ ಕಾಣುತ್ತದೆ, ಚರ್ಮ ಕಂದಿದರೆ ಕಾಣುತ್ತದೆ, ಒಳಗಿನ ಹೃದಯ ಕಂದಿದರೆ ಕಾಣುವುದಿಲ್ಲ. ಬಡಿತದ ಗೆರೆಯಲ್ಲಿ ಏನೋ ಸೊಟ್ಟ ಕಂಡರೂ ಅದು ಇವತ್ತಿನ ಪೆಟ್ಟಿನದೋ ಹುಟ್ಟಿನಿಂದಲೇ ಬಂದದ್ದೋ, ಹೇಳುವವರು ಯಾರು? ರಕ್ತ ತೆಗೆಯಬೇಕು, ಕಾಯಬೇಕು, ಮತ್ತೆ ತೆಗೆಯಬೇಕು, ಒಂದು ಹಗಲು ಒಂದು ರಾತ್ರಿ ಮಲಗಿಸಿ ನೋಡಬೇಕು. ಆಗ ಯಾರಿಗೋ ಹೊಳೆಯಿತು: ಮನುಷ್ಯ ಆರೋಗ್ಯದಿಂದಿದ್ದಾಗಿನ ಅವನ ಹೃದಯವೇ ಬಂದು ಸಾಕ್ಷಿ ಹೇಳುವಂತಾದರೆ? ಪ್ರಾಯದಲ್ಲಿ ಒಮ್ಮೆ ಎಲ್ಲರ ಬಡಿತವನ್ನೂ ಮೂರು ನಿಮಿಷ ಹಿಡಿದಿಡುವುದು. ಅದರ ಹೆಸರು ಮೂಲಬಡಿತ. ಮುಂದೆ ಎಂದಾದರೂ ಎದೆಗೆ ಪೆಟ್ಟಾದರೆ ಅಂದಿನದನ್ನೂ ಇಂದಿನದನ್ನೂ ಪಕ್ಕಪಕ್ಕದಲ್ಲಿಟ್ಟು ಯಂತ್ರ ಅರೆಕ್ಷಣದಲ್ಲಿ ತೀರ್ಪು ಕೊಡುತ್ತದೆ. ಹಳೆಯದಕ್ಕೂ ಹೊಸದಕ್ಕೂ ಹೊಂದಿದರೆ ಹಸಿರು, ಮನೆಗೆ ಹೋಗಿ. ಹೊಂದದಿದ್ದರೆ ಕೆಂಪು, ಹಾರುವ ಆಂಬುಲೆನ್ಸ್ ತಾನೇ ಮೇಲೇಳುತ್ತದೆ. ಸಾಕ್ಷಿ ಬಂದ ಮೇಲೆ ಸಣ್ಣ ದವಾಖಾನೆಗಳು ಆ ರಕ್ತಪರೀಕ್ಷೆಯ ಸಾಮಾನು ಇಡುವುದನ್ನೇ ಬಿಟ್ಟವು.

ಒಂದೇ ಒಂದು ಹಳೆಯ ಪದ್ಧತಿ ಉಳಿದಿತ್ತು. ಹಸಿರು ಬಂದರೆ ಒಬ್ಬ ಮನುಷ್ಯ ಹತ್ತು ಸೆಕೆಂಡ್ ಕಿವಿಗೊಟ್ಟು ಕೇಳಿ ಸಹಿ ಹಾಕಬೇಕು. ಎಡಗಿವಿಗೆ ಅಂದಿನ ಬಡಿತ, ಬಲಗಿವಿಗೆ ಇಂದಿನದು. ನೀಲಗಂಗಾ ಮಾಡುತ್ತಿದ್ದದ್ದು ಆ ಕೆಲಸ. ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು.

ದಸ್ತಗೀರರಿಗೆ ಹಸಿರು ಬಂತು. 'ಬಲಗಡೆ ತಡ. ಮೂಲದಲ್ಲೂ ಇದೆ. ಹೊಸ ಗಾಯವಿಲ್ಲ.'

"ಸದ್ಯ!" ಎಂದು ನೀಲಗಂಗಾ ಉಸಿರುಬಿಟ್ಟು ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ಹಾಕಿಕೊಂಡವಳು ಹಾಗೇ ಕೂತುಬಿಟ್ಟಳು.

ಸಾಮಾನ್ಯರ ಹೃದಯ 'ಲಬ್-ಡಪ್' ಎನ್ನುತ್ತದೆ. ಎಡಗಿವಿಯಲ್ಲಿ ಬರುತ್ತಿದ್ದದ್ದು 'ಲಬ್-ಡಡಪ್'. ಹೃದಯದ ಬಲಗೋಣೆಗೆ ಹೋಗುವ ವಿದ್ಯುತ್ತು ಕೂದಲೆಳೆಯಷ್ಟು ತಡವಾಗಿ ಮುಟ್ಟಿದರೆ ಆ ಕಡೆಯ ಕವಾಟವೂ ತಡವಾಗಿ ಮುಚ್ಚುತ್ತದೆ, ಎರಡನೆಯ ಸದ್ದು ಸೀಳುತ್ತದೆ. ಕೆಲವರಿಗೆ ಅದು ಹುಟ್ಟುಗುಣ, ಅದರಿಂದ ಯಾವ ತೊಂದರೆಯೂ ಇಲ್ಲ. ಈ ಎದೆಯದು ನಿಧಾನವಾಗಿ, ಯಾವ ಅವಸರವೂ ಇಲ್ಲದೆ, ಹತ್ತು ಸೆಕೆಂಡಿಗೆ ಒಂಬತ್ತೇ ಬಡಿತ. ಉಸಿರು ಒಳಗೆ ಹೋದಾಗ ಆ ಸೀಳು ತುಸು ಅಗಲವಾಗಿ, ಹೊರಗೆ ಬಂದಾಗ ಮತ್ತೆ ಕಿರಿದಾಗುತ್ತಿತ್ತು. ಇಪ್ಪತ್ತೊಂಬತ್ತು ವರ್ಷ ಅವಳು ಆ ಸದ್ದಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಅದು ರಾಚಪ್ಪನ ಎದೆ.

ಅಯ್ಯೋ ಶಿವನೇ! ಸತ್ತವನ ಎದೆ ಬದುಕಿರುವವನ ಹೆಸರಿನಲ್ಲಿ ಬಡಿಯುತ್ತಿದೆ ಎಂದರೆ ಓದುವವರಿಗೆ ಭೂತಚೇಷ್ಟೆ ಎನಿಸಬಹುದು. ನೀಲಗಂಗಾಳಿಗೆ ಹಾಗೆ ಅನಿಸಲಿಲ್ಲ. ಏನಾಗಿದೆ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು, ಯಾಕೆಂದರೆ ಅದರಲ್ಲಿ ಅವಳ ಪಾಲೂ ಇತ್ತು.

ಮೂವತ್ತಾರು ವರ್ಷದ ಹಿಂದೆ, ಊರೂರಿಗೆ ಹೋಗಿ ಮೂಲಬಡಿತ ಹಿಡಿಯುವ ಮೊದಲ ಸುತ್ತಿನಲ್ಲಿ ಅವಳು ಇಪ್ಪತ್ತಮೂರರ ಹುಡುಗಿ. ಹೊಸ ನೌಕರಿ, ಇಸ್ತ್ರಿ ಮಾಡಿದ ಬಿಳಿ ಕೋಟು. ಜಮಖಂಡಿಯ ತಾಲೀಮಿಗೆ ಹೋದರೆ ಅಲ್ಲಿಯ ಗುರು ಬಾಳಪ್ಪ ವಸ್ತಾದರು ಬಾಗಿಲಲ್ಲೇ ತಡೆದರು. ಹುಡುಗರೆಲ್ಲ ಕೊಲ್ಹಾಪುರದ ಕುಸ್ತಿಗೆ ತಯಾರಾಗುತ್ತಿದ್ದರು. ಕುಸ್ತಿಗೆ ಮುಂಚಿನ ನಲವತ್ತು ದಿನ ಪೈಲ್ವಾನನ ಎದೆಯನ್ನು ವಸ್ತಾದರ ಕೈ ಬಿಟ್ಟು ಬೇರೆ ಯಾವುದೂ ಮುಟ್ಟಬಾರದು, ಹೆಣ್ಣಿನ ಕಣ್ಣಂತೂ ಬೀಳಲೇಬಾರದು. ಅದು ಆ ತಾಲೀಮಿನ ಕಟ್ಟಳೆ. ಸರ್ಕಾರದ ಆಜ್ಞೆ ಒಂದು ಕಡೆ, ವಸ್ತಾದರ ಕಟ್ಟಳೆ ಇನ್ನೊಂದು ಕಡೆ. ಕೊನೆಗೆ ನಡುವೆ ಒಂದು ಕಂಬಳಿ ಕಟ್ಟಿದರು. ಆಚೆ ಮಲಗಿದವನು ತಾನೇ ಪಟ್ಟಿ ಕಟ್ಟಿಕೊಂಡು ಹೆಸರು ಹೇಳಬೇಕು, ಈಚೆ ಕೂತವಳು ಯಂತ್ರ ಒತ್ತಬೇಕು.

ಮೊದಲನೆಯವನು ರಾಚಪ್ಪ ಎಂದ. 'ಲಬ್-ಡಡಪ್.' ಎರಡನೆಯವನು ಕೀರಲು ದನಿಯಲ್ಲಿ ಈರಪ್ಪ ಎಂದ. 'ಲಬ್-ಡಡಪ್.' ಮೂರನೆಯವನು ಮೂಗಿನಲ್ಲಿ ಮಾತಾಡಿದ. ಅದೇ ಎದೆ. ಐದನೆಯವನ ಹೊತ್ತಿಗೆ ನೀಲಗಂಗಾ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

"ಪೈಲ್ವಾನರ, ನಿಮ್ಮ ತಾಲೀಮಿನ್ಯಾಗ ಎಲ್ಲಾರಿಗೂ ಒಂದ ಎದಿ ಐತೇನ್ರಿ?" ಎಂದು ಕಂಬಳಿಯತ್ತ ತಿರುಗಿ ಕೇಳಿದಳು.

ಆಚೆಯಿಂದ, "ಹೌದ್ರೀ ಬಾಯಾರ, ವಸ್ತಾದರು ಎಲ್ಲಾರ್ನೂ ಒಂದ ಮಣ್ಣಾಗ ಬೆಳಸ್ಯಾರ" ಎಂಬ ಉತ್ತರ ಬಂತು.

ಸಂಗತಿ ಇಷ್ಟೇ: ಹಿಂದಿನ ವಾರ ರಾಚಪ್ಪನ ಬೆರಳು ಮುರಿದು ಅವನು ಕುಸ್ತಿಯಿಂದ ಹೊರಬಿದ್ದಿದ್ದ. ಕಟ್ಟಳೆ ಇಲ್ಲದ ಎದೆ ಅಲ್ಲಿ ಅವನದೊಂದೇ. ಉಳಿದ ಹತ್ತು ಮಂದಿಯ ಪರವಾಗಿ ಅವನೇ ಮಲಗಿದ. ನೀಲಗಂಗಾ ಅದನ್ನು ತಡೆಯಬಹುದಿತ್ತು. ಐದೂವರೆಯ ಬಸ್ಸು ಹಿಡಿಯುವುದಿತ್ತು, ಸಾಹೇಬರಿಗೆ ಲೆಕ್ಕ ಒಪ್ಪಿಸುವುದಿತ್ತು, ಎಲ್ಲಕ್ಕಿಂತ ಹೆಚ್ಚಾಗಿ ಆ ದನಿ ಇನ್ನೂ ಆರು ಸಲ ಕೇಳುವುದಿತ್ತು. ಹನ್ನೊಂದು ಹೆಸರಿಗೆ ಹನ್ನೊಂದು ಸಲ ಒಂದೇ ಹೃದಯ ಬರೆದುಕೊಂಡು ಬಂದಳು. ಮರುವರ್ಷ ಆ ಹೃದಯವನ್ನೇ ಮದುವೆಯಾದಳು.

ಆ ಗುಟ್ಟು ಗಂಡಹೆಂಡಿರಿಗೆ ಹಬ್ಬದೂಟದಂತಿತ್ತು, ಎಷ್ಟು ಸಲ ಬಡಿಸಿದರೂ ರುಚಿ ಕೆಡಲಿಲ್ಲ. ಕುಸ್ತಿ ಬಿಟ್ಟ ರಾಚಪ್ಪ ಹಳೇ ಹುಬ್ಬಳ್ಳಿಯಲ್ಲಿ ಹಿಟ್ಟಿನ ಗಿರಣಿ ಇಟ್ಟ. ಸಂಜೆ ರೆಪ್ಪೆಯ ಮೇಲೆಲ್ಲ ಜೋಳದ ಹಿಟ್ಟು ಹೊತ್ತು ಬರುವನು. ಕೈಕಾಲು ತೊಳೆದು ಚಾಪೆಯ ಮೇಲೆ ಉರುಳಿದರೆ ಅವಳು ಎದೆಗೆ ಕಿವಿಯಿಡುವಳು.

"ಏನ್ ಅಂತೈತಿ?" ಎಂದು ಅವನು ಕೇಳುವನು.

"ಮೆಣಸಿನಕಾಯಿ ಬಜಿ ಬೇಕಂತೈತಿ."

"ಕರೆ ಹೇಳ್ತೈತಿ ನೋಡ. ಹನ್ನೊಂದ ಮಂದಿ ಹಸಿವು ಅದಕ್ಕ." ಅಂದವನೇ ಅವನು ಹೊಟ್ಟೆ ಕುಣಿಸಿ ನಗುವನು, ಅವಳ ಕಿವಿ ಅವನ ಎದೆಯ ಮೇಲೆ ದೋಣಿಯ ಹಾಗೆ ಏರಿಳಿಯುವುದು. ಎಂಥ ದಿನಗಳು ಅವು! ಬಡತನ ಇತ್ತೋ ಇಲ್ಲವೋ ಅವಳಿಗೆ ಈಗ ನೆನಪಿಲ್ಲ, ಆ ಹಿಟ್ಟಿನ ವಾಸನೆ ನೆನಪಿದೆ.

ಆರು ವರ್ಷದ ಹಿಂದೆ ಅವನು ಮೆದುಳು ಜ್ವರದಲ್ಲಿ ಹೋದ. ಕೊನೆಯವರೆಗೂ ಹೃದಯ ಮಾತ್ರ ಒಂದು ತಾಳ ತಪ್ಪಲಿಲ್ಲ. ಸತ್ತವರ ಮೂಲಬಡಿತವನ್ನು ತಿಂಗಳೊಳಗೆ ಅಳಿಸಬೇಕೆಂಬುದು ಕಾನೂನು. ಪ್ರತಿ ಕೊಡಿ ಎಂದು ಅವಳು ಕೇಳಿದಳು, ಕೊಡುವಂತಿಲ್ಲ ಎಂದರು. ಅಳಿಸುವ ಗುಂಡಿಯನ್ನು ತಾನೇ ಒತ್ತಿ ಮನೆಗೆ ಬಂದು ಎರಡು ದಿನ ಊಟ ಮಾಡಲಿಲ್ಲ. ಉಳಿದ ಹತ್ತು ನಕಲುಗಳ ನೆನಪು ಅವಳಿಗೆ ಇರಲಿಲ್ಲವೆಂದಲ್ಲ. ಬೇರೆಯವರ ಮೂಲಬಡಿತ ಅವರಿಗೆ ಪೆಟ್ಟಾದಾಗಲಲ್ಲದೆ ತೆರೆಯುವುದಿಲ್ಲ. ಅದೂ ಅಲ್ಲದೆ, ಅವನು ಹೋದ ಮರುವರ್ಷ ಎರಡನೆಯ ಸುತ್ತು ನಡೆದು ಎಲ್ಲರದ್ದೂ ಹೊಸದಾಗಿ ಹಿಡಿದಿದ್ದರು. ಹಾಗಂತ ಅವಳು ನಂಬಿದ್ದಳು.

"ನೀಲಮ್ಮ, ಹಸಿರೇ ಅಲ್ವಾ? ಸಹಿ ಹಾಕಿ, ಆ ಕಡೆ ಪಟ್ಟಿ ಬಿಚ್ತಾ ಇದಾರೆ." ಪಕ್ಕದ ಮೇಜಿನಿಂದ ಡಾಕ್ಟರ್ ವಿಭಾ ಕೂಗಿದಳು. ತುಮಕೂರಿನ ಕಡೆಯ ಹುಡುಗಿ, ಬುದ್ಧಿವಂತೆ, ಎಲ್ಲದಕ್ಕೂ ಅವಸರ.

"ಬಿಚ್ಚಬ್ಯಾಡಂತ ಹೇಳ್ರಿ!" ನೀಲಗಂಗಾ ಎದ್ದು ನಿಂತಿದ್ದಳು. "ಡಾಕ್ಟ್ರ, ಮೂಲಬಡಿತ ಸುಳ್ಳೈತಿ. ಎಡಗಿವಿಯಾಗ ಬರೂದು ದಸ್ತಗೀರಣ್ಣನ ಎದಿ ಅಲ್ಲ. ನನ್ನ ಗಂಡಂದು."

ವಿಭಾ ಅವಳನ್ನೇ ನೋಡಿದಳು. ಆರು ವರ್ಷದಿಂದ ಒಂಟಿಯಾಗಿರುವ ಹೆಂಗಸು, ಪಾಪ, ಎನ್ನುವಂಥ ನೋಟ. "ಅಮ್ಮ, ಆ ಥರ ಸಾವಿರಾರು ಜನಕ್ಕೆ ಬಡಿಯುತ್ತೆ."

"ಬಡೀಲಿ. ಆದರ ದಸ್ತಗೀರಣ್ಣಂದು ಹಂಗ ಬಡೀತಿರಲಿಲ್ಲ. ನಮ್ಮ ಮನ್ಯಾಗ ಜ್ವರಾ ಬಂದು ಮಲಗಿದಾಗ ನಾನ ಕೇಳೇನಿ, ನೆಟ್ಟಗ ಲಬ್-ಡಪ್. ಇವತ್ತ ಬಲಗಿವಿಯಾಗೂ ಸೀಳು ಬರಾಕತ್ತೈತಿ. ಅದು ಹಳೇದಲ್ಲ ಡಾಕ್ಟ್ರ, ಇವತ್ತಿಂದು. ಕಲ್ಲು ಕೊಟ್ಟಿದ್ದು."

ವಿಭಾಳ ಮುಖ ಬದಲಾಯಿತು. ಹೃದಯದ ಬಲಗೋಣೆ ಇರುವುದೇ ಎದೆಯ ನಡುಮೂಳೆಯ ಬೆನ್ನಿಗೆ. ಮುಂದಿನಿಂದ ಪೆಟ್ಟು ಬಿದ್ದರೆ ಮೊದಲು ಕಂದುವುದು ಅದೇ, ಕಂದಿದರೆ ವಿದ್ಯುತ್ತು ತಡವಾಗುವುದೂ ಅಲ್ಲೇ. ರಾಚಪ್ಪನಿಗೆ ಹುಟ್ಟುಗುಣವಾಗಿದ್ದದ್ದು ದಸ್ತಗೀರರಿಗೆ ಗಾಯವಾಗಿತ್ತು. ಗೆಳೆಯನ ಹೃದಯ ಬಂದು ಇವನಿಗೇನೂ ಆಗಿಲ್ಲ ಎಂದು ಸುಳ್ಳು ಸಾಕ್ಷಿ ಹೇಳಿಬಿಟ್ಟಿತ್ತು.

"ಆದ್ರೆ ಆಧಾರ ಬೇಕಲ್ಲಮ್ಮ. ನಾನೂ ಸಹಿ ಹಾಕ್ಬೇಕು."

ಮೂಲಬಡಿತದಲ್ಲಿ ಹೆಸರು ಹೇಳುವ ಮೊದಲ ಆರು ಸೆಕೆಂಡ್ ಯಂತ್ರಕ್ಕೆ ಕಸ, ಅದನ್ನು ಬಿಟ್ಟು ಓದುತ್ತದೆ. ನೀಲಗಂಗಾ ಆ ಕಸವನ್ನು ತೆರೆದು ಸ್ಪೀಕರಿಗೆ ಹಾಕಿದಳು. ಎದೆಯ ಗೂಡಿನೊಳಗಿಂದ ಬಂದ, ಗುಂಯ್ಗುಡುವ ದನಿ. ನಗುವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ತೆಳ್ಳಗೆ ಮಾಡಿಕೊಂಡ ದನಿ: "ದಸ್ತಗೀರ ರೀ... ದಸ್ತಗೀರ ಮುಲ್ಲಾ."

ನೀಲಗಂಗಾಳ ಕೈ ತಾನಾಗಿ ಬಾಯಿಗೆ ಹೋಯಿತು. ಆರು ವರ್ಷವಾಗಿತ್ತು ಆ ದನಿ ಕೇಳಿ. ದವಾಖಾನೆಯ ಕಡೆಯ ಮೈಕ್ ಎಳೆದುಕೊಂಡು, ಆಚೆ ಶಮೀಮಳ ದನಿ ಕೇಳಿ, "ಶಮೀಮ್, ಅಪ್ಪಾಗ ಕೊಡವ್ವಾ" ಎಂದಳು. "ಅಣ್ಣಾ, ನಾ ನೀಲಗಂಗಾ. ನಿಮ್ಮ ಹೆಸರ ಹೇಳ್ರಿ."

"ಯಾಕವಾ, ನನ್ನ ಹೆಸರ ಮರತಿ ಏನು?" ಒಣ ಜಾಲಿಯ ಕೊರಡು ಎಳೆದಂತೆ ದಪ್ಪ, ಒಡಕು ದನಿ. ವಿಭಾಳಿಗೆ ಬೇರೆ ಆಧಾರ ಬೇಕಾಗಲಿಲ್ಲ.

"ಅಣ್ಣಾ, ನಿಮ್ಮ ಹೆಸರಿನ್ಯಾಗ ನಮ್ಮನಿಯವರ ಬಡಿತ ಹಂಗ ಉಳದೈತಿ. ಎರಡನೇ ಸುತ್ತಿನ್ಯಾಗ ಹೊಸಾದು ಕೊಟ್ಟಿಲ್ಲೇನು?"

ಪೈಲ್ವಾನರು ಮೆಲ್ಲಗೆ, "ತಂಗಿ, ಅದನ್ನ ಮಾತ್ರ ಮುಟ್ಟಬ್ಯಾಡ. ನನಗೇನೂ ಆಗಿಲ್ಲ. ಮನೀಗ ಹೊಂಟೇನಿ" ಎಂದರು.

ಮೂಲಬಡಿತ ಸುಳ್ಳೆಂದು ಘೋಷಿಸಿದರೆ ಹಸಿರು ರದ್ದಾಗುತ್ತದೆ, ಆಂಬುಲೆನ್ಸ್ ಏಳುತ್ತದೆ. ಸುಳ್ಳೆಂದು ಘೋಷಿಸಿದ ಬಡಿತವನ್ನು ಯಂತ್ರ ಅದೇ ಕ್ಷಣದಲ್ಲಿ ತಾನೇ ಅಳಿಸುತ್ತದೆ. ಹಾಗೆಂದು ಕೋಣೆಯಲ್ಲಿದ್ದ ಇಬ್ಬರಿಗೂ ಗೊತ್ತಿತ್ತು. ಲೋಕದಲ್ಲಿ ರಾಚಪ್ಪನ ಎದೆ ಉಳಿದದ್ದು ಇದೊಂದೇ.

ವಿಭಾ ತನ್ನ ಸಹಿ ಹಾಕಿ ಕುರ್ಚಿಯನ್ನು ಹಿಂದಕ್ಕೆ ಸರಿಸಿದಳು. ತಗ್ಗಿದ ದನಿಯಲ್ಲಿ, "ಮೂರೇ ನಿಮಿಷದ್ದಲ್ವಾ ನೀಲಮ್ಮ. ಪೂರ್ತಿ ಕೇಳಿ, ಆಮೇಲೆ ಒತ್ತಿ. ನಾನು ಏನೂ ನೋಡ್ಲಿಲ್ಲ" ಎಂದಳು.

ನೀಲಗಂಗಾ ಹೆಡ್‌ಫೋನ್ ಮತ್ತೆ ಹಾಕಿಕೊಂಡಳು. ಎಡಗಿವಿಯಲ್ಲಿ ಅವನು ಬಂದ. ಲಬ್-ಡಡಪ್. ಗಿರಣಿಯ ಹಿಟ್ಟು, ಚಾಪೆ, ಸಂಜೆ, ಎಲ್ಲವೂ ಒಟ್ಟಿಗೇ ಬಂದವು. ಮೂರು ನಿಮಿಷವೆಂದರೆ ಏನು ಮಹಾ, ಎಂದಿತು ಮನಸ್ಸು. ಅವಳು ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಬಲಗಿವಿಯಲ್ಲಿ ಒಂದು ಬಡಿತ ಎಡವಿತು. ಒಂದು ತಾಳ ಬಿಟ್ಟು ಮತ್ತೆ ಸರಿಯಾಯಿತು. ಆಮೇಲೆ ಎರಡು ಒಟ್ಟೊಟ್ಟಿಗೇ ಎಡವಿದವು.

ಅವಳು ಕಣ್ಣು ಬಿಟ್ಟು ಗುಂಡಿ ಒತ್ತಿದಳು. ಎಡಗಿವಿ ಖಾಲಿಯಾಯಿತು.

"ಏಳಲಿ ಗಾಡಿ," ಎಂದಳು. "ಶಮೀಮ್, ಅಪ್ಪಾನ್ನ ಎದ್ದೇಳಾಕ ಬಿಡಬ್ಯಾಡ, ಎದಿ ಮ್ಯಾಲ ಕುಂತಾದರೂ ಮಲಗಸು... ಅಯ್ಯ, ಎದಿ ಮ್ಯಾಲ ಬ್ಯಾಡ, ಕಾಲ ಹಿಡಕೋ!" ವಿಭಾ ನಗಬೇಕೋ ಅಳಬೇಕೋ ತಿಳಿಯದೆ ಅವಳ ಭುಜ ಹಿಡಿದುಕೊಂಡಳು.

ಬಾಗಲಕೋಟೆಯಿಂದ ಎದ್ದ ಆಂಬುಲೆನ್ಸ್ ಹನ್ನೊಂದು ನಿಮಿಷಕ್ಕೆ ಜಮಖಂಡಿ ಮುಟ್ಟಿತು. ಪೈಲ್ವಾನರನ್ನು ಒಳಗೆ ಮಲಗಿಸಿ ಬಾಗಿಲು ಹಾಕಿದ ಎರಡು ನಿಮಿಷಕ್ಕೆ ಅವರ ಹೃದಯ ತಾಳವನ್ನೆಲ್ಲ ಬಿಟ್ಟು ಗಡಗಡನೆ ನಡುಗತೊಡಗಿತು. ಗಾಡಿಯಲ್ಲಿದ್ದ ವಿದ್ಯುತ್ ಪೆಟ್ಟಿಗೆಯಿಂದ ಒಂದು ಹೊಡೆತ ಕೊಟ್ಟರು, ನಿಲ್ಲಲಿಲ್ಲ. ಎರಡನೆಯ ಹೊಡೆತಕ್ಕೆ ಹೃದಯ ದಾರಿಗೆ ಬಂತು. ಆ ಸಣ್ಣ ದವಾಖಾನೆಯಲ್ಲಿ ಅಂಥ ಪೆಟ್ಟಿಗೆ ಇರಲಿಲ್ಲ. ವಿಭಾ ಸಂಜೆ ಆ ಗೆರೆಗಳನ್ನೆಲ್ಲ ನೋಡಿ, ಸಮಯ ಕೂಡಿಸಿ ಕಳೆದು, ನೀಲಗಂಗಾಳ ಮುಂದಿಟ್ಟಳು. ಮೂರು ನಿಮಿಷ ತಡವಾಗಿದ್ದರೆ ಹೃದಯ ನಡುಗುವ ಹೊತ್ತಿಗೆ ಅವರು ಗಾಡಿಯ ಹೊರಗಿರುತ್ತಿದ್ದರು.

ಅದೇ ಸಂಜೆ ನೀಲಗಂಗಾ ಹಳೆಯ ತಪ್ಪನ್ನು ತಾನೇ ಬರೆದುಕೊಟ್ಟಳು: ಕಂಬಳಿ, ಹನ್ನೊಂದು ಹೆಸರು, ಐದೂವರೆಯ ಬಸ್ಸು, ಒಂದನ್ನೂ ಬಿಡಲಿಲ್ಲ. ಬರೆಯುವಾಗ ನಾಚಿಕೆಯಾಯಿತು. ಇಷ್ಟು ವರ್ಷ ಇಬ್ಬರೂ ನಕ್ಕು ನಕ್ಕು ಹಂಚಿಕೊಂಡ ಮಾತು ಒಬ್ಬ ಒಳ್ಳೆಯ ಮನುಷ್ಯನ ಜೀವ ತೆಗೆಯುವುದರಲ್ಲಿತ್ತು. ವಿಚಾರಣೆಯ ನೋಟಿಸು ಮರುದಿನವೇ ಬಂತು.

ಐದನೆಯ ದಿನ ಮಧ್ಯಾಹ್ನ ಅವಳು ದಸ್ತಗೀರರನ್ನು ಮಲಗಿಸಿದ್ದ ವಾರ್ಡಿಗೆ ಹೋದಳು. ಶಮೀಮ್ ಕುರ್ಚಿ ಕೊಟ್ಟು ಚಹಾ ತರಲು ಹೋದಳು. ಪೈಲ್ವಾನರು ಗೋಡೆಯ ಕಡೆ ತಿರುಗಿ ಮಲಗಿದ್ದರು.

"ತಗದಬಿಟ್ಟಿ, ಹೌದಿಲ್ಲೋ?" ಎಂದರು, ತಿರುಗದೆಯೇ.

"ಹೌದಣ್ಣಾ."

"ಅವ ಸತ್ತಾಗ ನೀನ ಹೇಳಿದ್ದಿ, ಅವಂದು ಅಳಿಸಿದ್ರಂತ. ಮರುವರ್ಷ ಸರಕಾರದವರು ಮತ್ತ ಪಟ್ಟಿ ಹಿಡಕೊಂಡು ಬಂದ್ರು. ಎಲ್ಲಾರೂ ಕೊಟ್ರು. ನಾ ಬಾಗಲಾ ಹಾಕ್ಕೊಂಡು ಕುಂತೆ. ಮೂರ ಸಲ ಬಂದ್ರು, ಊರಾಗ ಇಲ್ಲಂತ ಹೇಳಿಸಿದೆ. ರಾಚ್ಯಾ ನನ್ನ ಹೆಸರಿನ್ಯಾಗರ ಇರಲಿ ಅಂತ." ಅವರು ಹೊದಿಕೆ ಮೇಲಕ್ಕೆಳೆದುಕೊಂಡರು. "ಸಾಲಾಗಿ ಮಲಗಿದ್ವಿ ತಂಗಿ, ಮಣ್ಣಾಗ, ಹತ್ತು ವರ್ಷ."

"ನನಗ್ಯಾಕ ಹೇಳಲಿಲ್ಲಣ್ಣಾ?"

"ಹೇಳಿದ್ರ ನೀ ಸರಕಾರಿ ಹೆಂಗಸು. ಅಳಿಸತಿದ್ದಿ."

ಅದಕ್ಕೆ ನೀಲಗಂಗಾಳಿಗೆ ನಗುವೇ ಬಂತು. ಪೈಲ್ವಾನರು ಈಗ ಈ ಕಡೆ ತಿರುಗಿದರು. ಮೀಸೆ ಒದ್ದೆಯಾಗಿತ್ತು.

"ಅಳಿಸೂಕಿಂತ ಮೊದಲ ಪೂರಾ ಕೇಳಿದಿಲ್ಲೋ?"

"ಇಲ್ಲ. ಒಂದಿಷ್ಟ ಬಡಿತ ಕೇಳಿದೆ, ಅಷ್ಟ."

"ಹುಚ್ಚಿ! ಮೂರ ನಿಮಿಷದ್ದು ಇತ್ತಲ್ಲ!" ಪೈಲ್ವಾನರು ಎದ್ದು ಕೂರಲು ಹೋಗಿ ಎದೆ ಹಿಡಿದುಕೊಂಡು ಮತ್ತೆ ಒರಗಿದರು. "ಜೀವಮಾನಕ್ಕ ಒಂದ ಸಲ ಸಿಕ್ಕಿದ್ದ. ಕುಂತ ಕೇಳಬೇಕ ಬ್ಯಾಡ? ಮೂರ ನಿಮಿಷದಾಗ ನಾ ಏನ ಸಾಯತಿದ್ನ?"

ವಿಭಾ ಕೂಡಿಸಿ ಕಳೆದ ಲೆಕ್ಕ ನೀಲಗಂಗಾಳ ನಾಲಿಗೆಯ ತುದಿಗೆ ಬಂದಿತ್ತು. ಇವರಿಗೆ ಅದನ್ನು ಹೇಳಿದರೆ ಉಳಿದ ದಿನವೆಲ್ಲ ಆ ಮೂರು ನಿಮಿಷ ಹೊತ್ತುಕೊಂಡು ತಿರುಗುತ್ತಾರೆ ಎನ್ನಿಸಿ ನುಂಗಿಕೊಂಡಳು. ಅವರ ಹೊದಿಕೆಯ ಅಂಚನ್ನು ಸರಿಪಡಿಸಿದಳು.

"ಸಾಯತಿದ್ದಿಲ್ಲ ಬಿಡ್ರಿ," ಎಂದಳು. "ಆದರ ಅವರು ಒಂದ ಕಿವಿಯಾಗ ಇದ್ರು, ನೀವು ಒಂದ ಕಿವಿಯಾಗ ಇದ್ರಿ. ಅವರನ್ನ ಕೇಳ್ಕೋತ ಕುಂತ್ರ ನಿಮ್ಮದು ನನಗ ಕೇಳಸ್ತಿರಲಿಲ್ಲಣ್ಣಾ."

ದಸ್ತಗೀರರು ಕೈ ಚಾಚಿ ಅವಳ ತಲೆಯ ಮೇಲಿಟ್ಟರು. ನೀಲಗಂಗಾ ಆರು ವರ್ಷದಲ್ಲಿ ಮೊದಲ ಸಲ ಇನ್ನೊಬ್ಬರ ಎದುರಿಗೆ, ಸದ್ದು ಮಾಡಿ, ಮನಸಾರೆ ಅತ್ತಳು.